ಅರವತ್ಮೂರು ಶೇಂಗಾಕಾಳು

ನಾಫ್ಲಿಯೋ ಗ್ರೀಸಿನ ಕಡಲಂಚಿನ ಹಳೆಯ ಊರು. ನುಣುಪುಗಲ್ಲು ಹಾಸಿದ ಚೌಕ, ಬಾಲ್ಕನಿಗಳಿಂದ ಇಳಿಬಿದ್ದ ಕಾಗದದ ಹೂ, ನೀರಿನ ನಡುವೆ ಪುಟ್ಟದೊಂದು ಕೋಟೆ. ಎರಡು ದಿನ ನಾವೆಲ್ಲ ಇವನ್ನು ನೋಡಿದೆವು. ನಮ್ಮತ್ತೆ ನೀಲಕ್ಕ ಮಾತ್ರ ಕತ್ತೆತ್ತಿ ಗುಡ್ಡದ ನೆತ್ತಿಯ ಪಲಮೀದಿ ಕೋಟೆಯನ್ನೇ ನೋಡುತ್ತಿದ್ದರು. ಒಂಬೈನೂರ ತೊಂಬತ್ತೊಂಬತ್ತು ಮೆಟ್ಟಿಲು ಅನ್ನುತ್ತಾರೆ ಊರವರು.

ಮೊಣಕಾಲಿನ ಆಪರೇಷನ್ ಆದಮೇಲೆ, ವಿಂಡಮ್ ವೇಲ್‌ನ ನಮ್ಮ ಮನೆಯಲ್ಲಿ ಅತ್ತೆಯ ಕೋಣೆ ಮಹಡಿಯಿಂದ ಗ್ಯಾರೇಜಿನ ಪಕ್ಕಕ್ಕೆ ಇಳಿದಿತ್ತು. ಅವ್ವ ಇನ್ನು ಮೆಟ್ಟಿಲು ಹತ್ತಬಾರದೆಂದು ಮೈದುನ ಸಂಜು ಸಿಡ್ನಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟ. ನನ್ನ ಗಂಡ ವಿರುಪಾಕ್ಷ ಮಂಚ ಇಳಿಸಿದರು. ಮಹಡಿಯ ಕಿಟಕಿಗೆ ಎಳೆಬಿಸಿಲು ಬರುತ್ತಿತ್ತು. ಕೆಳಗಿನ ಕಿಟಕಿಗೆ ಕಾಣುವುದು ಪಕ್ಕದವರ ಬೇಲಿ.

ಗ್ರೀಸಿಗೆ ಟಿಕೆಟ್ ಬುಕ್ ಮಾಡುವಾಗಲೇ ಅತ್ತೆ ಕೇಳಿದ್ದರು, "ಆ ಕೋಟಿ ಹತ್ತಿದ್ರ ಮ್ಯಾಲಿನ ನನ್ನ ಕೋಲಿ ನನಗ ಕೊಡ್ತೀರೇನು?"

"ಮೊದ್ಲ ಹತ್ತು, ಅವ್ವಾ," ಎಂದು ಸಂಜು ನಕ್ಕಿದ್ದ.

ವಿರುಪಾಕ್ಷ ಆಫೀಸಿಗೆ ಹೋದಮೇಲೆ ಏನು ನಡೆಯುತ್ತಿತ್ತೆಂದು ಮನೆಯಿಂದಲೇ ಕೆಲಸ ಮಾಡುವ ನನಗಷ್ಟೇ ಗೊತ್ತು. ನಮ್ಮ ಮನೆಗೆ ಹದಿನಾರು ಮೆಟ್ಟಿಲು. ಅತ್ತೆ ಒಮ್ಮೆ ಹತ್ತಿದರೆ ಎಲೆಯಡಿಕೆ ಚಂಚಿಯ ಒಂದು ಜೇಬಿನಿಂದ ಇನ್ನೊಂದಕ್ಕೆ ಒಂದು ಶೇಂಗಾಕಾಳು. ಊರಲ್ಲಿ ಗುಡಿ ಸುತ್ತುವಾಗಲೂ ಅವರ ಲೆಕ್ಕ ಹೀಗೇ. ಅರವತ್ಮೂರು ಕಾಳು ದಾಟಿದರೆ ಪಲಮೀದಿ ಹತ್ತಿದಂತೆ. ದಾಟಿಸುತ್ತಿದ್ದರು ಕೂಡ, ಆದರೆ ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ಮೂರು. ಒಂದೇ ದಮ್ಮಿಗೆ ಎಂದೂ ಅಲ್ಲ.

ಮೂರನೆಯ ಬೆಳಿಗ್ಗೆ ಸಂಜು ಕೋಟೆಗೆ ಹೋಗಲು ಟ್ಯಾಕ್ಸಿ ಕರೆಸಿದ. ಅತ್ತೆ ಅದರ ಪಕ್ಕದಿಂದಲೇ ನಡೆದುಹೋಗಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ನಾವೂ ಹಿಂದೆ ಓಡಿದೆವು.

ಹದಿನಾರು ಮೆಟ್ಟಿಲಿಗೊಂದು ಕಾಳು ದಾಟಿಸುತ್ತ ಹತ್ತಿದ ಅತ್ತೆ, ಅರ್ಧ ದಾರಿಯಲ್ಲಿ ಚಂಚಿಯನ್ನು ಹಿರಿಮಗನ ಕೈಗಿತ್ತು ನೀರು ಕುಡಿಯಲು ಕುಳಿತರು. ವಿರುಪಾಕ್ಷ ಸಮುದ್ರ ನೋಡುತ್ತ ನಿಂತರು, ಬಾಯಾಡಿಸುತ್ತ.

"ಏನ್ರೀ ಅದು ತಿನ್ನಾಕತ್ತೀರಿ?" ಎಂದೆ.

"ಚಂಚ್ಯಾಗ ನಾಕು ಶೇಂಗಾ ಇದ್ವು..."

ಸಂಜು ಚಪ್ಪಾಳೆ ತಟ್ಟಿದ. "ಅಣ್ಣ ಲೆಕ್ಕಾನ ತಿಂದಬಿಟ್ಟ! ಇಳಿ ಅವ್ವಾ, ಟ್ಯಾಕ್ಸಿ ಬುಕ್ ಮಾಡ್ತೀನಿ."

ಅತ್ತೆ ಚಂಚಿ ಕಸಿದುಕೊಂಡು ನೋಡಿದರು. ಎರಡೂ ಜೇಬು ಖಾಲಿ. ಮುಖ ಸಣ್ಣದಾಯಿತು. ಇನ್ನೆಷ್ಟು ಉಳಿದಿದೆಯೆಂದು ತಿಳಿಯದೆ ಅವರು ಎಂದೂ ಹತ್ತಿದವರಲ್ಲ. ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಸೆರಗು ಬಿಗಿದು ಎದ್ದರು.

"ಶೇಂಗಾ ತಿಂದಾನ. ಮೆಟ್ಟಲಾ ತಿಂದಿಲ್ಲಲ್ಲ! ನಡೀರಿ."

ಮುಂದೆ ಹತ್ತು ಮೆಟ್ಟಿಲಿಗೊಮ್ಮೆ ನಿಂತರು, ಐದಕ್ಕೊಮ್ಮೆ ನಿಂತರು. ಕೂರಲಿಲ್ಲ. ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಬೇರೇನೂ ಹತ್ತದ ಸಂಜುವೇ ಗೋಡೆ ಹಿಡಿದ.

"ಅವ್ವಾ, ಸ್ವಲ್ಪ ಕೂಡೋಣು."

"ಕೂಡಪಾ. ನಿನಗೂ ಗ್ಯಾರೇಜ್ ಬಾಜೂಕ ಒಂದು ಕೋಲಿ ಮಾಡ್ಸೂಣಂತ!"

ಕೋಟೆಯ ಬಾಗಿಲು ದಾಟಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಕೆಳಗೆ ಇಡೀ ಊರು, ಇಡೀ ಸಮುದ್ರ; ನೀರಿನ ಆ ಕೋಟೆ ಅಡಿಕೆಯಷ್ಟಾಗಿತ್ತು. ಬಹಳ ಹೊತ್ತು ನೋಡಿ, ತಿರುಗಿದರು.

"ವಿರುಪಾಕ್ಷಾ, ಮಂಚ ಯಾವಾಗ ಏರಸ್ತಿ?"

"ಮನಿ ಮುಟ್ಟಿದ ದಿನಾನ, ಅವ್ವಾ."

"ಒಬ್ಬಾವನ ಏರಸ್ಬೇಕು ಮತ್ತ. ನನ್ನ ಶೇಂಗಾ ತಿಂದೀಯಲ್ಲ, ಶಕ್ತಿ ಬಂದಿರತೈತಿ."