ಕುಳ್ಳಮ್ಮನ ಐದು ನಕ್ಷತ್ರ

ಸಿದ್ದಾರ್ಥ ಹುಣಸೂರಿನಿಂದ ಬಂದಾಗಲೆಲ್ಲ ನಮ್ಮ ಅಂಗಡಿಯ ಸ್ಟೂಲನ್ನು ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದ. ನಾನು ದಿನಾ ಬೆಳಿಗ್ಗೆ ಒರೆಸುವ ಸ್ಟೂಲು ಅದು. ನನ್ನ ಗಂಡ ಕಾಂತರಾಜುವಿನ ಜೊತೆ ಪಿಯುಸಿ ಓದಿ ಎರಡು ಸಲ ಫೇಲಾದವನು, ಈಗ 'ಆನ್‌ಲೈನ್ ವ್ಯಾಪಾರ ಸಲಹೆಗಾರ' ಎಂದು ಕಾರ್ಡು ಹಾಕಿಸಿಕೊಂಡಿದ್ದಾನೆ. ಸ್ವಂತಕ್ಕೆ ಒಂದು ಸೂಜಿಯನ್ನೂ ಮಾರಿದವನಲ್ಲ. ಹೇಗೆ ಮಾರಬೇಕೆಂದು ಹೇಳುವುದೇ ಅವನ ಸರಕು.

ನಮ್ಮದು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಚಟ್ನಿಪುಡಿ ಅಂಗಡಿ. ಹುಚ್ಚೆಳ್ಳು ಪುಡಿ, ಹುರುಳಿ ಪುಡಿ, ಎರಡೇ. ಹುರಿಯುವವಳೂ ಪುಡಿ ಮಾಡುವವಳೂ ನಾನೇ. ಆದರೆ ಮಾಡಿದ್ದನ್ನು ಮೊದಲು ನನ್ನ ಅತ್ತೆ ಕುಳ್ಳಮ್ಮನ ಅಂಗೈಗೆ ಹಾಕಬೇಕು. ಅವರು ನಾಲಿಗೆಗೆ ಸೋಕಿಸಿ, ಗೋಡೆ ನೋಡುತ್ತಾ ಒಂದು ತಪ್ಪು ಹೇಳಿ, ಆಮೇಲೆ "ಮಾರು" ಅನ್ನುತ್ತಾರೆ. ಉಪ್ಪು ಮುಂದಾಯಿತು. ಬೆಳ್ಳುಳ್ಳಿ ಹಸಿ ಇದೆ. ಹುರುಳಿ ಇನ್ನೂ ಒಂದು ಕೈ ಹುರಿಯಬೇಕಿತ್ತು. ಎರಡು ಸಲ "ಮಾರಬ್ಯಾಡ" ಅಂದಿದ್ದಾರೆ, ಆ ಪುಡಿ ತಿಪ್ಪೆಗೆ ಹೋಯಿತು. ನಾನು ಈ ಮನೆಗೆ ಬಂದು ಏಳು ವರ್ಷ. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಒಂದು ಸಲವೂ ಬಂದಿಲ್ಲ.

ಬಸ್ಸು ನಿಲ್ಲುವ ಜಾಗ ಮುಂದಕ್ಕೆ ಹೋದ ಮೇಲೆ ಅಂಗಡಿಗೆ ಜನ ಕಡಿಮೆಯಾದರು. ಆನ್‌ಲೈನಿನಲ್ಲಿ ಮಾರದಿದ್ದರೆ ಯುಗಾದಿಯ ಹೊತ್ತಿಗೆ ಬಾಗಿಲು ಹಾಕಬೇಕು ಎಂದು ಕಾಂತರಾಜು ಹೇಳಿದ. ಹೇಗೆ ಮಾರುವುದು ಎಂದು ಹೇಳಲು ಸಿದ್ದಾರ್ಥನನ್ನು ಕರೆಸಿದ. ಆಹಾರದ ಪರವಾನಗಿ ನನ್ನ ಹೆಸರಿನಲ್ಲಿತ್ತು, ಆದ್ದರಿಂದ ಒಪ್ಪಂದಕ್ಕೆ ನನ್ನ ಸಹಿ ಬೇಕಿತ್ತು. ಇಲ್ಲದಿದ್ದರೆ ಆ ಕರವಸ್ತ್ರದವನು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಮೂರು ದಾರಿ ಅತ್ಗೆ," ಎಂದು ಬೆರಳು ಎತ್ತಿದ. "ಸ್ವಂತ ವೆಬ್‌ಸೈಟ್ ಒಂದು. ಅದು ಕಾಕನಕೋಟೆ ಕಾಡೊಳಗೆ ಅಂಗಡಿ ಇಟ್ಟಂಗೆ. ಆನೆ ಬತ್ತದೆ, ಗಿರಾಕಿ ಬರಕಿಲ್ಲ. ಫೋನಲ್ಲಿ ಮೆಸೇಜ್ ಹಾಕ್ಕಂಡು ಮಾರೋದು ಇನ್ನೊಂದು. ಅದು ನೈಟಿ ಮಾರೋರ ಕೆಲ್ಸ. ಇನ್ನುಳಿದಿದ್ದು ಆನ್‌ಲೈನಲ್ಲಿ ಮಾರೋ ದೊಡ್ಡ ಕಂಪನಿ. ಅಲ್ಲಿ ನನ್ ಖಾತೆ ಅದೆ. ಪುಡಿ ನಿಮ್ದು, ಹೆಸ್ರು ನಂದು."

ಹೆಸರು ಆಗಲೇ ಇಟ್ಟಿದ್ದ. 'ಕಾಡಜ್ಜಿ ಫುಡ್ಸ್'. ಲೇಬಲ್ಲಿನ ಮೇಲೆ ಬೆಳ್ಳಿಕೂದಲಿನ, ಕನ್ನಡಕದ ಒಬ್ಬ ಅಜ್ಜಿ ನಗುತ್ತಿದ್ದಳು. ಒಂದು ದಿನವೂ ಒಲೆಯ ಮುಂದೆ ಕೂತ ಮುಖವಲ್ಲ ಅದು.

ನಾನು ಹಿಂದಿನ ದಿನವೇ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಅವು ದಡ್ಡ ಪ್ರಶ್ನೆಗಳಿರಬಹುದು ಎಂಬ ಹೆದರಿಕೆಯಿಂದ ನಾಲ್ಕನ್ನು ಹೊಡೆದುಹಾಕಿ ಒಂದನ್ನು ಮಾತ್ರ ಕೇಳಿದೆ.

"ಎಷ್ಟು ದಿನದೊಳಗೆ ತಿನ್ಬೇಕು ಅಂತ ಹಾಕ್ತೀರಿ?"

"ಆರ್ ತಿಂಗ್ಳು."

"ನಮ್ ಪುಡಿ ಇಪ್ಪತ್ತೈದ್ ದಿನಕ್ಕೆ ಕಮಟು ಬತ್ತದೆ."

"ತಿನ್ನೋರ್ಗೆ ಹುಚ್ಚೆಳ್ಳು ಅಂದ್ರೇನು ಅಂತ್ಲೇ ಗೊತ್ತಿಲ್ಲ. ಕಮಟೇ ಅದರ ರುಚಿ ಅನ್ಕತಾರೆ ಬುಡಿ."

ಕಾಂತರಾಜು ನಕ್ಕ. ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೆ ಸಿದ್ದಾರ್ಥನಿಗಿಂತ ನನ್ನ ಮೇಲೇ ನನಗೆ ಹೆಚ್ಚು ತಿರಸ್ಕಾರವಿದೆ. ಅಂಗಡಿ ಉಳಿಯಬೇಕಲ್ಲ ಎಂದುಕೊಂಡು ಪೆನ್ನು ತೆಗೆದುಕೊಂಡೆ.

"ಸೈನ್ ಹಾಕೋಕ್ ಮುಂಚೆ ಪೇಜ್ ನೋಡ್ಬುಡಿ, ಖುಷಿಯಾಯ್ತೀರಿ," ಎಂದು ಸಿದ್ದಾರ್ಥ ಫೋನು ಕೊಟ್ಟ.

ನಮ್ಮ ಪುಡಿಯ ಚಿತ್ರದ ಕೆಳಗೆ ಗಿರಾಕಿಗಳ ಅಭಿಪ್ರಾಯಗಳಿದ್ದವು. ನಲವತ್ತೊಂದು. ಪಿರಿಯಾಪಟ್ಟಣದ ಒಬ್ಬರು ಮಕ್ಕಳು ತಟ್ಟೆ ನೆಕ್ಕಿದರು ಎಂದು ಬರೆದಿದ್ದರು. ಕೆಳಗೆ ಸರಿಸಿದೆ. 'ಕುಳ್ಳಮ್ಮ, ಹೊಸ ಅಗ್ರಹಾರ. ಐದು ನಕ್ಷತ್ರ. ಬಹಳ ಚೆನ್ನಾಗಿದೆ. ಇಂಥ ಪುಡಿ ನಾನು ಎಲ್ಲೂ ತಿಂದಿಲ್ಲ.'

ಹೊಸ ಅಗ್ರಹಾರ ಅತ್ತೆಯ ತವರು. ನನ್ನ ಎದುರಿಗೆ ಹೇಳಲಾರದ್ದನ್ನು ಹೀಗೆ ಯಾರ ಕೈಯಿಂದಲೋ ಬರೆಸಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿತು. ಆಮೇಲೆ ಹೊಳೆಯಿತು, ಕಾಡಜ್ಜಿಯ ಹೆಸರಿನಲ್ಲಿ ಇನ್ನೂ ಒಂದು ಪೊಟ್ಟಣವೂ ಮಾರಾಟವಾಗಿಲ್ಲ.

"ಇದ್ನೆಲ್ಲ ಬರೆದೋರ್ ಯಾರು?"

"ನಾನೇ. ಕಾಂತ ಒಂದಷ್ಟು ಹೆಸ್ರು ಕೊಟ್ಟ. ರಿವ್ಯೂ ಇಲ್ದೆ ಯಾರೂ ತಗೊಳ್ಳಕಿಲ್ಲ."

ಕಾಂತರಾಜು ತಕ್ಕಡಿಯ ಮುಳ್ಳನ್ನು ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು.

ಅತ್ತೆ ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರಿಗೆ ಓದಲು ಬಾರದು. ನಾನು ಹೋಗಿ ಎರಡು ವಾಕ್ಯಗಳನ್ನೂ ಓದಿ ಹೇಳಿದೆ. ಅವರು ಕೈ ಒರೆಸಿಕೊಂಡು ಹೊರಗೆ ಬಂದರು.

"ನಾನ್ ಯಾವಾಗ್ಲಾ ಅಂಗಂದೆ?"

"ಅವ್ವ, ಎಲ್ರೂ ಇಂಗೇ ಮಾಡದು," ಎಂದ ಸಿದ್ದಾರ್ಥ. "ಒಳ್ಳೇದೇ ಬರ್ದಿವ್ನಿ ಕಣವ್ವ."

"ನನ್ ನಾಲ್ಗೆ ನಿನ್ ಬಾಯಲ್ಲಿ ಯಾಕ್ಲಾ ಇಟ್ಕಂಡಿದ್ದೀಯೆ? ರಮ್ಯ, ಇವತ್ತಿಂದು ಹಾಕು."

ಅಂಗೈಗೆ ಹಾಕಿದೆ. ಅವರು ಗೋಡೆ ನೋಡಿದರು.

"ಮೆಣಸಿನ್ಕಾಯಿ ಒಸಿ ಸೀದದೆ. ಬರೆಯೋದಾದ್ರೆ ಇದ್ನ ಬರ್ದು ಮಾರು."

ಸಿದ್ದಾರ್ಥ ತೊಡೆ ತಟ್ಟಿಕೊಂಡು ನಕ್ಕ. "ಸೀದದೆ ಅಂತ ಬೋರ್ಡ್ ಹಾಕ್ಕಂಡು ಮಾರೋ ಅಂಗ್ಡೀನ ಇದೇ ಮೊದಲ್ನೇ ಸಲ ನೋಡ್ತಿರದು ಕಣ್ಲಾ ಕಾಂತ."

"ನೋಡಾಯ್ತಲ್ಲ, ಎದ್ದೇಳಿ," ಎಂದೆ. "ನಾನ್ ಸೈನ್ ಹಾಕಕಿಲ್ಲ. ಆ ನಲವತ್ತೊಂದನ್ನೂ ತೆಗೀರಿ."

"ಹ್ಯಾಂಡ್‌ಪೋಸ್ಟಲ್ಲೇ ಕೊಳೀರಿ ಅಂಗಾರೆ," ಎಂದ. ಹೋಗುವಾಗ ಚಪ್ಪಲಿಯ ಧೂಳನ್ನು ನಮ್ಮ ಮೆಟ್ಟಿಲಿಗೇ ಕೊಡವಿದ.

ನಾನು ತಪ್ಪು ಮಾಡಿದೆನೇನೋ ಎಂದು ನೂರು ಸಲ ಅನಿಸಿತು. ಅಂಗಡಿಗೆ ಬಂದುಹೋಗುವ ಅರವತ್ತು ಜನರ ನಂಬರುಗಳು ನನ್ನ ಫೋನಿನಲ್ಲಿದ್ದವು. ನೈಟಿ ಮಾರುವವರ ದಾರಿಯೇ ಆಗಲಿ ಎಂದು ಬರೆದೆ: 'ಇಂದಿನ ಹುಚ್ಚೆಳ್ಳು ಪುಡಿ. ಮೆಣಸಿನಕಾಯಿ ಸ್ವಲ್ಪ ಸೀದಿದೆ ಎಂದು ಕುಳ್ಳಮ್ಮನವರು ಹೇಳಿದ್ದಾರೆ. ಇಪ್ಪತ್ತೈದು ದಿನದೊಳಗೆ ತಿನ್ನಬೇಕು. ಬೇಕಾದವರು ತಿಳಿಸಿ.' ಮೂರು ಸಲ ಅಳಿಸಿ, ಮತ್ತೆ ಅದನ್ನೇ ಬರೆದು ಎಲ್ಲರಿಗೂ ಕಳಿಸಿದೆ.

ಸಂಜೆಯೊಳಗೆ ಐದು ಜನ ಪುಡಿ ಬೇಕೆಂದರು. ಮೂವರು ಮುಂದಿನ ಸಲದ್ದು ಯಾವಾಗ ಎಂದು ಕೇಳಿದರು. ಕೆ.ಆರ್. ನಗರದ ಬಸವರಾಜು ಮೇಷ್ಟ್ರು ಮಾತ್ರ ಉದ್ದಕ್ಕೆ ಬೈದಿದ್ದರು. ಸೀದದ್ದನ್ನು ಮಾರಲು ನಾಚಿಕೆಯಾಗುವುದಿಲ್ಲವೇ, ಹೋದ ತಿಂಗಳ ಹುರುಳಿ ಪುಡಿಯಲ್ಲೂ ಬೆಳ್ಳುಳ್ಳಿ ಹಸಿಯಾಗಿತ್ತು, ಮುದುಕಿಗೆ ಅದು ಗೊತ್ತಾಗಲಿಲ್ಲವೇ ಎಂದು.

ಅತ್ತೆಗೆ ಓದಿ ಹೇಳಲು ಹೆದರಿದೆ. ಆದರೂ ಹೇಳಿದೆ.

ಅವರು ಬೆಳ್ಳುಳ್ಳಿಯ ಸಿಪ್ಪೆ ಬಳಿದು ಒಟ್ಟುಮಾಡಿದರು.

"ಅಸಿ ಇತ್ತು. ನಾನಂದಿದ್ದೆ, ನೀನು ಕೇಳ್ನಿಲ್ಲ," ಎಂದರು. "ಆವಯ್ಯಂಗೆ ನಾಲ್ಗೆ ಅದೆ. ಮುಂದಿನ್ ಪುಡಿ ಮೊದಲು ಅವ್ರಿಗೇ ಕಳ್ಸು."

ನಾನು ವಿಳಾಸ ಕೇಳಿ ಮೇಷ್ಟ್ರಿಗೆ ಬರೆದೆ.