ರಜೆ ದಿನದ ವ್ಯಾನು

ನಮ್ಮವರಿಗೆ ವಾರಕ್ಕೆ ಒಂದೇ ರಜೆ. ಆ ಒಂದು ದಿನವನ್ನು ಅವರು ಮಲಗಿ ಕಳೆಯುತ್ತಾರೆ. ಉಳಿದ ಆರು ದಿನ ಮನೆಮನೆಗೆ ಪಾರ್ಸೆಲ್ ಹಂಚುವ ಕೆಲಸ. ಬೆಳಕು ಹರಿಯುವ ಮುಂಚೆ ಕಂಪನಿಯ ಬಿಳಿ ವ್ಯಾನು ಹತ್ತಿ ಹೋದರೆ ಬರುವುದು ದೀಪ ಹಾಕಿದ ಮೇಲೆ. ಬಂದ ಮೇಲಾದರೂ ನೇರ ಒಳಗೆ ಬರುತ್ತಾರಾ ಎಂದರೆ ಅದೂ ಇಲ್ಲ. ಮನೆ ಮುಂದೆ ವ್ಯಾನು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿರುತ್ತಾರೆ. ನಾನು ಅಡುಗೆಮನೆ ಕಿಟಕಿಯಿಂದ ಕೂಗಬೇಕು: “ಅಲ್ಲೇನು ಮಾಡ್ತಾ ಕೂತಿದ್ದೀರಿ? ಊಟ ಆರಿ ಹೋಗ್ತಿದೆ!” ಆಗ ಇಳಿದು ಬರುತ್ತಾರೆ. ನಮ್ಮ ಬೀದಿಯ ನಾಯಿಗೂ ಈ ಮಾತು ಬಾಯಿಪಾಠ.

ನಾನೇನೂ ಕಾಲು ಚಾಚಿ ಕೂತವಳಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗ ನನ್ನದು. ಒದ್ದೆ ಹೊದಿಕೆಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು, ಆಚೆಯಿಂದ ಬಂದದ್ದನ್ನು ಮಡಿಚಬೇಕು, ಗಾಡಿಗೆ ತುಂಬಿ ವಾರ್ಡಿನಿಂದ ವಾರ್ಡಿಗೆ ತಳ್ಳಬೇಕು. ಎಲ್ಲವೂ ನಿಂತೇ ಮಾಡುವ ಕೆಲಸ. ಸಂಜೆ ಮನೆಗೆ ಬರುವ ಹೊತ್ತಿಗೆ ಕಾಲು ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ. ಆದರೂ ನನಗೊಂದು ಹುಚ್ಚು ಹತ್ತಿತ್ತು. ರಜೆಯ ದಿನ ಮನೆಯವರೆಲ್ಲ ಒಟ್ಟಿಗೆ ಎಲ್ಲಿಗಾದರೂ ಹೋಗಿ ಸಂಜೆಗೆ ವಾಪಸು ಬರಬೇಕು. ದೂರ ಬೇಡ, ರಾತ್ರಿ ತಂಗುವುದೂ ಬೇಡ. ಒಂದು ಹಗಲು ಸಾಕು.

ಆತುರಕ್ಕೆ ಕಾರಣವೂ ಇತ್ತು. ದೊಡ್ಡವಳಿಗೆ ಹದಿಮೂರು ತುಂಬಿದೆ. ಈಗಲೇ ಕೋಣೆಯ ಬಾಗಿಲು ಹಾಕಿಕೊಂಡು ಕೂರುವ ಅಭ್ಯಾಸ. ಇನ್ನೊಂದು ವರ್ಷ ಹೋದರೆ ಕೈಮುಗಿದು ಕರೆದರೂ ನಮ್ಮ ಜೊತೆ ಬರುವವಳಲ್ಲ. ಪುಟ್ಟನ ಕತೆ ಬೇರೆ. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಿರಿ ಎಂದರೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಪ್ಪನನ್ನು ಮಾತ್ರ ಕೆಳಗೆ ಅಡ್ಡಡ್ಡ ಮಲಗಿಸಿ ಬರೆದು ತಂದಿದ್ದ. ಟೀಚರು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದರು. ನಗುವುದೋ ಅಳುವುದೋ ತಿಳಿಯಲಿಲ್ಲ.

ಬಸ್ಸಿನಲ್ಲಿ ಹೋಗೋಣವೆಂದರೆ ಅತ್ತೆಯ ಮಂಡಿ ಬಸ್ಸಿನ ಮೆಟ್ಟಿಲಿಗೆ ಒಪ್ಪುವುದಿಲ್ಲ. ಹತ್ತಿಸಿದರೂ ಗಂಟೆಗೊಮ್ಮೆ ಒಂದಕ್ಕೆ ಇಳಿಸಬೇಕು, ಬಸ್ಸಿನವನು ಅದಕ್ಕೆಲ್ಲ ನಿಲ್ಲಿಸುತ್ತಾನೆಯೇ? “ನನ್ನ ಬಿಟ್ಟು ನೀವು ಹೋಗ್ಬನ್ನಿ, ನಾನು ಗೋಡೆ ನೋಡ್ಕೊಂಡಿರ್ತೀನಿ” ಎನ್ನುತ್ತಾರೆ ಅತ್ತೆ. ಅವರು ಅದನ್ನು ಹೇಳುವ ಧಾಟಿ ಕೇಳಿದ ಮೇಲೆ ಯಾರ ಕಾಲೂ ಹೊಸಿಲು ದಾಟುವುದಿಲ್ಲ. ಹಾಗಾಗಿ ನಾನೇ ಲೆಕ್ಕ ಹಾಕಿದೆ. ಕೈಗೆಟಕುವ ಬೆಲೆಗೆ ಒಂದು ಹಳೇ ವ್ಯಾನು ತಗೊಂಡು, ಒಳಗೆ ಸೀಟು, ಒಂದು ಮಲಗುವ ಹಲಗೆ, ಅತ್ತೆಗೆ ಪರದೆಯ ಹಿಂದೊಂದು ವ್ಯವಸ್ಥೆ ಮಾಡಿಸಿಬಿಟ್ಟರೆ ಮುಗಿಯಿತು.

“ಆಯ್ತು, ನೋಡೋಣ” ಎಂದರು ನಮ್ಮವರು.

ಮೊದಲು ನೋಡಿದ್ದು ದಲ್ಲಾಳಿಯ ಅಂಗಳದಲ್ಲಿದ್ದ ಕೆಂಪು ವ್ಯಾನು. ಹೊಸದಾಗಿ ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು. ಪುಟ್ಟ ಆಗಲೇ ಒಳಗೆ ಹತ್ತಿ ತನ್ನ ಜಾಗ ಹಿಡಿದಾಗಿತ್ತು. ನಮ್ಮವರು ನೆಲಕ್ಕೆ ಬೆನ್ನು ಕೊಟ್ಟು ವ್ಯಾನಿನ ಅಡಿಗೆ ತೂರಿದರು. ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಚುಚ್ಚಿದರು. ಒಂದು ಕಡೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಎದ್ದು ಕೈ ಒರೆಸಿಕೊಂಡು “ತುಕ್ಕು” ಎಂದರು. ದಲ್ಲಾಳಿ ಆಕಾಶ ನೋಡಿದ. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆಸ್ಪತ್ರೆಯಲ್ಲಿ ಜೊತೆಗಾತಿಯರಿಗೆಲ್ಲ ಹೇಳಿಕೊಂಡು ಬಂದೆ: ನಮ್ಮವರ ಕಣ್ಣಿಗೆ ಯಾರೂ ಮಣ್ಣೆರಚಲಾರರು!

ಎರಡನೆಯದು ಬಹಳ ಕಡಿಮೆ ಓಡಿದೆ ಎಂದು ಮೀಟರು ಹೇಳುತ್ತಿತ್ತು. ನಮ್ಮವರು ಮೀಟರು ನೋಡಲೇ ಇಲ್ಲ. ಬಗ್ಗಿ ಪೆಡಲುಗಳ ರಬ್ಬರು ನೋಡಿದರು. ಸವೆದು ನುಣ್ಣಗಾಗಿತ್ತು. “ಮೀಟರು ಹಿಂದಕ್ಕೆ ತಿರುಗಿಸಿದ್ದಾರೆ” ಎಂದರು. ಸರಿ, ಅದೂ ನ್ಯಾಯವೇ.

ಮೂರನೆಯದಕ್ಕೆ ತುಕ್ಕಿಲ್ಲ, ಮೋಸವಿಲ್ಲ. ಆದರೆ ಅದರಲ್ಲಿ ಹಿಂದೆ ಮೀನು ಸಾಗಿಸುತ್ತಿದ್ದರಂತೆ. “ವಾಸನೆ ಹೋಗಲ್ಲ” ಎಂದರು. ನಾನು ಸೋಪು, ಸೋಡಾ, ಬಿಸಿನೀರು ಎಂದೆಲ್ಲ ಹೇಳಿದೆ. ಆಸ್ಪತ್ರೆಯ ಹೊದಿಕೆಗಳಲ್ಲಿ ಏನೇನು ತೊಳೆದು ತೆಗೆದಿದ್ದೇನೆ, ಮೀನು ಯಾವ ಮೂಲೆಗೆ? ಆಟೋದಲ್ಲಿ ನಮ್ಮ ಜೊತೆಗೇ ಬಂದಿದ್ದ ಅತ್ತೆಯೂ ನನ್ನ ಪರ ನಿಂತರು. “ನನಗಂತೂ ಮೂಗೇ ಸತ್ತುಹೋಗಿದೆ, ಮೀನಾದ್ರೇನು ಮಲ್ಲಿಗೆ ಆದ್ರೇನು. ತಗೋಳೋ.” ನಮ್ಮವರು ತಲೆ ಅಲ್ಲಾಡಿಸಿ ಹೊರಟೇಬಿಟ್ಟರು. ದೊಡ್ಡವಳು ಮನೆಗೆ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಇವರು ಹಾಸಿಗೆ ಸೇರಿದರು. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ನಾಲ್ಕನೆಯದು ಒಬ್ಬ ಕೊಳಾಯಿ ರಿಪೇರಿಯವನ ವ್ಯಾನು. ವಯಸ್ಸಾಗಿದೆ, ಇನ್ನು ಸಿಂಕುಗಳ ಕೆಳಗೆ ತೂರಲಾರೆ ಎಂದು ಅಂಗಡಿ ಮುಚ್ಚುತ್ತಿದ್ದ. ವ್ಯಾನು ಅವನ ಮನೆಯ ಪಕ್ಕದ ಗಲ್ಲಿಯಲ್ಲಿ ನಿಂತಿತ್ತು. ಒಳಗೆ ಗೋಡೆಯುದ್ದಕ್ಕೂ ಅವನೇ ಮಾಡಿದ ಮರದ ಕಪಾಟುಗಳು, ಒಂದೊಂದು ಖಾನೆಗೂ ಒಂದೊಂದು ಅಳತೆ. ನೋಡಿದ ಕೂಡಲೇ ನನ್ನ ಕಣ್ಣಿಗೆ ಅಲ್ಲಿ ನೀರಿನ ಬಾಟಲಿ, ತಟ್ಟೆ, ಅತ್ತೆಯ ಮಾತ್ರೆ ಡಬ್ಬಿ ಎಲ್ಲ ಜೋಡಿಸಿಟ್ಟ ಹಾಗೆ ಕಂಡಿತು. ಬೆಲೆಯೂ ನಮ್ಮ ಅಳವಿನೊಳಗೇ ಇತ್ತು. “ನೋಡ್ಕೊಳ್ಳೋರ ಕೈಗೆ ಹೋದ್ರೆ ಸಾಕು” ಎಂದು ಮುದುಕ ವ್ಯಾನಿನ ಬೆನ್ನು ತಟ್ಟಿದ.

ನಮ್ಮವರು ಅಡಿಗೆ ತೂರಿದರು, ಎದ್ದರು. ಬಾನೆಟ್ಟು ಎತ್ತಿ ಎಣ್ಣೆಯ ಮುಚ್ಚಳ ತಿರುವಿ ಅದರ ಒಳಮೈ ನೋಡಿದರು. ಟೈರುಗಳ ಮೇಲೆ ಅಂಗೈ ಆಡಿಸಿದರು. ಜಾರುಬಾಗಿಲನ್ನು ಎಳೆದರು, ದೂಡಿದರು, ಮತ್ತೆ ಎಳೆದರು. ಪೆಡಲು ನೋಡಿದರು, ಕೊನೆಗೆ ಮೂಸಿಯೂ ನೋಡಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಅವರು ಹಿಂದೆ ಸರಿದು, ವ್ಯಾನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

“ಬೇಡ. ಬಿಳಿ ಬಣ್ಣ.”

ನನ್ನ ಪಿತ್ತ ನೆತ್ತಿಗೇರಿತು. “ಬಿಳಿ ಆದ್ರೆ ಏನಂತೆ? ಬಿಳಿ ವ್ಯಾನು ಕಚ್ಚುತ್ತಾ?”

“ಬೇಡ ಅಂದ್ರೆ ಬೇಡ.”

“ನಮ್ಮ ಜೊತೆ ಬರೋಕೆ ಇಷ್ಟ ಇಲ್ಲ ಅಂತ ನೇರ ಹೇಳಿಬಿಡಿ. ಪಾಪ, ಆ ವ್ಯಾನುಗಳ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಮಕ್ಕಳು ಅಷ್ಟು ಆಸೆ ಇಟ್ಕೊಂಡು ಬಂದಿರ್ತಾರೆ…”

“ಅಮ್ಮ, ಸಾಕು ಸುಮ್ನಿರು” ಎಂದಳು ದೊಡ್ಡವಳು. ಅವಳ ಮುಖ ಕೆಂಪಾಗಿತ್ತು. ಮುದುಕ ಮರ್ಯಾದೆಗೆ ನೀರು ತರುವ ನೆಪ ಮಾಡಿ ಒಳಗೆ ಹೋದ.

ನಮ್ಮವರು ವ್ಯಾನಿನ ಹಿಂಬಾಗಿಲ ಅಂಚಿನ ಮೇಲೆ ಕೂತರು. ಕೂತರು ಎನ್ನುವುದಕ್ಕಿಂತ ಕುಸಿದರು ಎನ್ನಬೇಕು.

“ಆರು ದಿನ ಆ ಸೀಟಲ್ಲಿ ಕೂರ್ತೀನಿ ಕಣೆ” ಎಂದರು. “ರಜೆ ದಿನ ಕಣ್ಣು ಬಿಟ್ಟಾಗ, ಇವತ್ತು ಅದ್ರಲ್ಲಿ ಕೂರೋ ಹಾಗಿಲ್ಲ ಅಂತ ನೆನಪಾಗುತ್ತಲ್ಲ, ನನಗಿರೋದು ಅದೊಂದೇ ಸುಖ. ವ್ಯಾನು ತಗೊಂಡ್ರೆ ಅದೂ ಹೋಯ್ತು. ಮತ್ತೆ ಬೆಳಗಾಗೆದ್ದು ಸ್ಟೇರಿಂಗು, ಮತ್ತೆ ಟ್ರಾಫಿಕ್ಕು. ಹೇಳೋಣ ಅಂದ್ರೆ ಪುಟ್ಟ ಮುಖ ಸಣ್ಣ ಮಾಡ್ಕೋತಾನೆ. ಏನ್ ಹೇಳ್ಲಿ? ಅದಕ್ಕೇ ತುಕ್ಕು ಹುಡುಕ್ತಾ ಕೂತೆ.”

ಅತ್ತೆ ಮಗನ ತಲೆಯ ಮೇಲೆ ಕೈ ಇಟ್ಟರು. ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಕರುಳು ಚುರುಕ್ ಎಂದಿತು. ಇಂಜಿನ್ನು, ಟೈರು, ಬಾಗಿಲು, ಅತ್ತೆಯ ಪರದೆ ಎಲ್ಲ ಯೋಚಿಸಿದ್ದೆ. ಓಡಿಸುವವರು ಯಾರೆಂದು ಯೋಚಿಸಿಯೇ ಇರಲಿಲ್ಲ. ಮನೆಯಲ್ಲಿ ಡ್ರೈವರಿದ್ದಾರೆ, ಅವರೇ ಓಡಿಸುತ್ತಾರೆ, ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ.

ಆಮೇಲೆ ನನಗೆ ಇನ್ನೊಂದು ಹೊಳೆಯಿತು. ಮದುವೆಗೆ ಮುಂಚೆ ನಾನು ನಮ್ಮಣ್ಣನ ತರಕಾರಿ ವ್ಯಾನು ಓಡಿಸುತ್ತಿದ್ದವಳು. ಇರುಕು ಸಂದಿಯಲ್ಲಿ ಹಿಂದಕ್ಕೆ ತೆಗೆಯುವುದರಲ್ಲಿ ಅಣ್ಣನಿಗಿಂತ ನನ್ನ ಕೈ ವಾಸಿ ಎಂದು ಮಾರುಕಟ್ಟೆಯವರೇ ಹೇಳುತ್ತಿದ್ದರು. ಮದುವೆಯಾದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ಮುಟ್ಟು ಎಂದೂ ಯಾರೂ ಹೇಳಲಿಲ್ಲ.

“ಕೀಲಿ ಕೊಡಿ” ಎಂದು ನೀರು ಹಿಡಿದು ಬಂದ ಮುದುಕನ ಮುಂದೆ ಕೈ ಚಾಚಿದೆ. “ನಾನು ಓಡಿಸಿ ನೋಡ್ತೀನಿ.”

“ನೀನಾ?” ಎಂದರು ಅತ್ತೆ.

“ಲೈಸೆನ್ಸು ಇನ್ನೂ ಜೀವಂತ ಇದೆ ಅತ್ತೆ. ನಾನೂ ಇದ್ದೀನಿ.”

ಅತ್ತೆಯನ್ನೂ ಮಕ್ಕಳನ್ನೂ ಮುದುಕನ ಮನೆಯಲ್ಲಿ ಕೂರಿಸಿ ನಾವಿಬ್ಬರೂ ಹೊರಡುವಾಗಲೇ ಇಂಜಿನ್ ಗಕ್ಕನೆ ನಿಂತಿತು. ಎರಡನೇ ಸಲ ಸರಿಯಾಗಿ ಹೊರಟಿತು. ಪಕ್ಕದ ಸೀಟಿನಲ್ಲಿದ್ದ ನಮ್ಮವರು, ಗಲ್ಲಿ ದಾಟುವುದರೊಳಗೆ ನನ್ನ ಪ್ರಾಣ ತಿಂದರು. “ಕನ್ನಡಿ ನೋಡು. ಎಡಕ್ಕೆ, ಎಡಕ್ಕೆ. ಬ್ರೇಕು! ಬ್ರೇಕು!” ಎನ್ನುತ್ತಾ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಒತ್ತಿ ನೆಲದ ರಬ್ಬರು ಕೀಳುವುದೊಂದು ಬಾಕಿ. ನಾನು ರಸ್ತೆ ಬದಿಗೆ ನಿಲ್ಲಿಸಿದೆ.

“ನೀವು ಹಿಂದೆ ಹೋಗಿ ಮಲಗಿ” ಎಂದೆ.

“ಹಿಂದೆ ಬರೀ ಹಲಗೆ ಇದೆ.”

“ಹಲಗೆ ಮೇಲೇ ಮಲಗಿ. ಇಲ್ಲಿ ಕೂತ್ರೆ ಇಬ್ಬರಲ್ಲಿ ಒಬ್ಬರು ಮನೆಗೆ ಹೋಗಲ್ಲ.”

ಹೋದರು. ಊರ ಹೊರಗಿನ ರಸ್ತೆಗೆ ಹೋಗಿ ತಿರುಗಿಸಿಕೊಂಡು ಬರುವ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳುತ್ತಿತ್ತು. ಆ ವ್ಯಾನನ್ನೇ ತಗೊಂಡೆವು.

ಮುದುಕನ ಕಪಾಟುಗಳನ್ನು ಹಾಗೇ ಉಳಿಸಿಕೊಂಡೆವು. ಗ್ಯಾರೇಜಿನವನು ಎರಡು ಕಿಟಕಿ ಕೊರೆದು, ಬೆಲ್ಟಿರುವ ಸೀಟುಗಳನ್ನು ಕೂರಿಸಿದ. ಅತ್ತೆ ಹತ್ತುವುದಕ್ಕೆ ತಗ್ಗಿನ ಮೆಟ್ಟಿಲೊಂದು ಬಂತು. ಪರದೆಗೆ ನಾನು ಹಳೇ ಹೊದಿಕೆ ಹೊಲಿದೆ. ಹಿಂದಿನ ಹಲಗೆಗೆ ಹಾಸಿಗೆಯನ್ನೂ, ಅದಕ್ಕೆ ಅಡ್ಡಲಾಗಿ ಒಂದು ಗಟ್ಟಿ ಪಟ್ಟಿಯನ್ನೂ ನಮ್ಮವರೇ ಜೋಡಿಸಿದರು. “ನೀನು ಬ್ರೇಕ್ ಹಾಕೋ ರೀತಿಗೆ ಬೇಕಾಗುತ್ತೆ” ಎಂದರು.

ಮೊದಲ ಸಲ ಹೋದದ್ದು ಅಣೆಕಟ್ಟಿನ ಹಿನ್ನೀರಿಗೆ. ಊರು ದಾಟುವ ಮೊದಲೇ ಅವರು ನಿದ್ದೆಗೆ ಬಿದ್ದಿದ್ದರು. ನೀರಿನ ಪಕ್ಕ ಒಂದು ಮರದ ಕೆಳಗೆ ನಿಲ್ಲಿಸಿದಾಗ ಪುಟ್ಟ ಎಬ್ಬಿಸಲು ಓಡಿದ. ದೊಡ್ಡವಳು ಅವನ ಅಂಗಿ ಹಿಡಿದು ಎಳೆದಳು. “ಬಿಡೋ. ಮಲಗ್ಲಿ.”

ಚಾಪೆಯನ್ನು ಜಾರುಬಾಗಿಲ ಹತ್ತಿರಕ್ಕೇ ಎಳೆದುಕೊಂಡು, ಅವರ ಗೊರಕೆ ಕೇಳುತ್ತಾ ಊಟ ಮಾಡಿದೆವು. ಅತ್ತೆ ಪರದೆಯ ವ್ಯವಸ್ಥೆಯನ್ನು ಬೇಕಿದ್ದರೂ ಬೇಡದಿದ್ದರೂ ಹಲವು ಸಲ ಬಳಸಿ ಹೊಗಳಿದರು. ಪುಟ್ಟ ನೀರಿಗೆ ಕಲ್ಲೆಸೆದ, ಕಲ್ಲು ಮುಗಿದ ಮೇಲೆ ಚಪ್ಪಲಿ ಎಸೆದ. ನಾನು ತಟ್ಟೆ ತೆಗೆದಿಡಲು ಒಳಗೆ ಹೋದಾಗ ದೊಡ್ಡವಳು ಅಪ್ಪನ ಕಾಲ ಬಳಿ ಕೂತಿದ್ದಳು.

“ಅಮ್ಮ, ನೋಡು” ಎಂದಳು ಮೆಲ್ಲಗೆ.

ನಿದ್ದೆಯಲ್ಲೂ ಅವರ ಬಲಗಾಲು ಒತ್ತುತ್ತಿತ್ತು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ದೊಡ್ಡವಳು ತನ್ನ ಚೀಲವನ್ನು ಮಡಿಚಿ ಆ ಪಾದಕ್ಕೆ ಆನಿಸಿಟ್ಟಳು. ಕಾಲಿಗೆ ಏನೋ ಸಿಕ್ಕ ಹಾಗಾಗಿ, ಒಂದೆರಡು ಸಲ ಒತ್ತಿ ನಿಂತಿತು. ಅವಳು ಅಲ್ಲಿಂದ ಏಳಲಿಲ್ಲ. ನನಗೆ ಅಳು ಬಂತು, ತಟ್ಟೆಗಳನ್ನು ಜೋಡಿಸುತ್ತಾ ನಿಂತೆ.

ವಾಪಸು ಬರುವಾಗ ಸಂಜೆಯ ಬಿಸಿಲು ನೇರ ಕಣ್ಣಿಗೆ. ಊರಿಗೆ ಬರುವ ಗಾಡಿಗಳೆಲ್ಲ ಒಂದೇ ರಸ್ತೆಗೆ ಬಿದ್ದಿದ್ದವು. ಹಿಂದಿನವನು ಹಾರ್ನು, ಪಕ್ಕದವನು ಬೈಗುಳ, ಪುಟ್ಟನಿಗೆ ವಾಂತಿ. ತೆವಳುವುದು, ನಿಲ್ಲುವುದು, ತೆವಳುವುದು. ಕ್ಲಚ್ಚಿನ ಕಾಲು ಕಲ್ಲಾಯಿತು, ಭುಜ ಕಿತ್ತು ಬಂತು. ಮನೆ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ. ದೊಡ್ಡವಳು ಅಜ್ಜಿಯನ್ನು ಇಳಿಸಿಕೊಂಡು, ಉಳಿದ ಊಟ ಬಿಸಿ ಮಾಡುತ್ತೇನೆ ಎಂದು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಪುಟ್ಟ ಅವಳ ಹಿಂದೆ ಓಡಿದ.

ನಾನು ಇಳಿಯಲಿಲ್ಲ. ಇಳಿಯಬಾರದು ಎಂದೇನಲ್ಲ. ಕೈ ಸ್ಟೇರಿಂಗ್ ಬಿಟ್ಟು ಬರಲಿಲ್ಲ. ಸ್ವಲ್ಪ ಹೊತ್ತು ಯಾರೂ ನನ್ನನ್ನು ಏನೂ ಕೇಳದಿದ್ದರೆ ಸಾಕು ಎನಿಸಿತು.

ಪಕ್ಕದ ಬಾಗಿಲು ತೆರೆಯಿತು. ನಮ್ಮವರು ಹತ್ತಿ ಕೂತರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

“ತಲುಪಿದ್ವಾ?” ಎಂದರು.

“ಹೋಗಿ ಬಂದಾಯ್ತು.”

ಅವರು ಬೀದಿಯ ಆಚೆ ಈಚೆ ನೋಡಿದರು. ಮುಖದಲ್ಲಿ ನಾಚಿಕೆಯೋ ಬೇಸರವೋ ಏನೋ ಹಾದುಹೋಯಿತು. “ನೀರು ತುಂಬಿತ್ತಾ?”

“ತುಂಬಿತ್ತು.”

ಅಡುಗೆಮನೆಯ ಕಿಟಕಿಯಿಂದ ದೊಡ್ಡವಳು ಕೂಗಿದಳು. ಥೇಟ್ ನನ್ನದೇ ಗಂಟಲು. “ಅಲ್ಲೇನು ಮಾಡ್ತಾ ಕೂತಿದ್ದೀರಿ? ಊಟ ಆರಿ ಹೋಗ್ತಿದೆ!”

ನಾನು ಬಾಗಿಲ ಹಿಡಿಗೆ ಕೈ ಹಾಕಲು ಹೋದೆ. ಅವರು ನನ್ನ ಮೊಣಕೈ ಹಿಡಿದು ತಡೆದರು.

“ಕೂತಿರು ಸ್ವಲ್ಪ ಹೊತ್ತು” ಎಂದರು. “ಅವಳಿಗೆ ನಾನು ಹೇಳ್ತೀನಿ.”

ಅವರು ಇಳಿದು, ಸದ್ದಾಗದ ಹಾಗೆ ಬಾಗಿಲು ಒತ್ತಿ ಹಾಕಿ ಒಳಗೆ ಹೋದರು.