ಒಳಗೆ ಬಟನ್ ಇಲ್ಲದ ಲಿಫ್ಟ್

ಹೊಸ ಲಿಫ್ಟ್ ಬಂದ ವಾರದಲ್ಲೇ ಕಟ್ಟಡದವರು ಅವಳಿಗೆ ಬಟನಮ್ಮ ಅಂತ ಹೆಸರಿಟ್ಟರು. ಲಿಫ್ಟಿನೊಳಗಿನ ಬಟನ್‌ಗಳನ್ನೆಲ್ಲ ಕಿತ್ತು ಹಾಕಿದವಳು ಅವಳೇ ಅಂತ ಸಿಟ್ಟು. ಕಿತ್ತದ್ದು ಕಂಪನಿ. ಯಂತ್ರವನ್ನು ಈ ಕಟ್ಟಡದ ಜನಕ್ಕೆ ಹೊಂದಿಸಿ ಕೊಡುವುದಷ್ಟೇ ಅವಳ ಕೆಲಸ. ಆದರೆ ಕಂಪನಿ ಬೈಯಲು ಕೈಗೆ ಸಿಗುವುದಿಲ್ಲ. ಇವಳು ದಿನವಿಡೀ ಲಾಬಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾಳೆ, ಹೋಗ್ತಾ ಬರ್ತಾ ಒಂದು ಮಾತು ಎಸೆದು ಹೋಗಲು ಅನುಕೂಲ.

ಹೊಸ ಪದ್ಧತಿಯಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಹತ್ತುವ ಮೊದಲೇ ಲಾಬಿಯಲ್ಲಿರುವ ಪರದೆಯ ಮೇಲೆ ನಿಮ್ಮ ಮಹಡಿ ಒತ್ತಬೇಕು, ತಲೆಗೊಂದು ಸಲ. ಒಂದೇ ಮಹಡಿಗೆ ಹೋಗುವವರನ್ನು ಯಂತ್ರ ಒಟ್ಟು ಹಾಕಿ ಇಂಥ ಲಿಫ್ಟಿಗೆ ಹೋಗಿ ಎನ್ನುತ್ತದೆ. ಒಳಗೆ ಒತ್ತಲು ಏನೂ ಇಲ್ಲ. ಹಳೆಯ ಲಿಫ್ಟ್ ಸಿಕ್ಕಸಿಕ್ಕಲ್ಲಿ ನಿಂತು ಏದುಸಿರು ಬಿಡುತ್ತಾ ಏರುತ್ತಿತ್ತು. ಇದು ಒಂದೆರಡು ಕಡೆ ನಿಂತು ಕೆಲಸ ಮುಗಿಸಿ ಕೆಳಗಿಳಿಯಬೇಕು.

ಇಳಿಯುತ್ತಿರಲಿಲ್ಲ. ಸಂಜೆ ಎಲ್ಲರೂ ಮನೆಗೆ ಮರಳುವ ಹೊತ್ತಿಗೆ ಸಾಲು ಗೇಟಿನ ತನಕ ಬೆಳೆಯುತ್ತಿತ್ತು.

"ನೋಡಮ್ಮಾ," ಎಂದರು ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ಹಲ್ಲಿನ ಡಾಕ್ಟರು. ಯಾರ ಜೊತೆ ಮಾತಾಡಿದರೂ ಕಣ್ಣು ಬಾಯಿಯ ಮೇಲೇ ಇರುತ್ತಿತ್ತು. "ಶುಕ್ರವಾರ ಸಂಜೆ ನಾನೇ ಇಲ್ಲಿ ನಿಂತು ನೋಡ್ತೀನಿ. ಸಾಲು ಹೀಗೇ ಇದ್ರೆ ಹಳೇ ಬಟನ್ ವಾಪಸ್ ಹಾಕಿಸ್ಬಿಡಿ. ನಿಮ್ಮ ಕಂಪನಿಗೂ ಹೇಳಿದೀನಿ."

ಕಂಪನಿ ಅದನ್ನೇ ಇನ್ನೂ ಚಿಕ್ಕದಾಗಿ ಹೇಳಿತು: ಬಟನ್ ವಾಪಸ್ ಬಂದರೆ ನೀನೂ ವಾಪಸ್ ಬಾ, ಬಂದು ಗುರುತಿನ ಕಾರ್ಡ್ ಕೊಟ್ಟು ಹೋಗು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವಳು ತನ್ನ ಲ್ಯಾಪ್‌ಟಾಪಿನ ಪರದೆಗೆ ಕಣ್ಣು ನೆಟ್ಟು ಕೂತಳು. ಬುಧವಾರ ಸಂಜೆ ಕಳ್ಳ ಸಿಕ್ಕಿಬಿದ್ದ. ಇಪ್ಪತ್ತೆರಡನೇ ಮಹಡಿಗೆ ಒಂದೇ ಉಸಿರಿಗೆ ಎಂಟು ಒತ್ತು. ಎಂಟು ಜನ ಇದ್ದಾರೆಂದು ನಂಬಿದ ಯಂತ್ರ ಇನ್ಯಾರನ್ನೂ ಸೇರಿಸದೆ ಇಡೀ ಲಿಫ್ಟ್ ಕೊಟ್ಟಿತು. ಒಳಗಿನ ಕ್ಯಾಮೆರಾ ನೋಡಿದರೆ ಇದ್ದದ್ದು ಒಬ್ಬಳೇ. ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕನ್ನಡಿಯಲ್ಲಿ ಮುಂಗೂದಲು ತೀಡಿಕೊಳ್ಳುತ್ತಾ, ಮಹಾರಾಣಿ ಥರ ಮೇಲೇರುತ್ತಿದ್ದಾಳೆ. ಬಟನಮ್ಮನ ಸ್ವಂತ ಚಿಕ್ಕಮ್ಮ. ಬಟನಮ್ಮ ಇದ್ದದ್ದು ಅವಳ ಮನೆಯಲ್ಲೇ, ಉಣ್ಣುತ್ತಿದ್ದದ್ದು ಅವಳ ಕೈಯದ್ದನ್ನೇ.

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ಚಿಕ್ಕಮ್ಮ, ಎಂಟು ಸಲ ಯಾಕೆ ಒತ್ತಿದೆ?"

"ಒತ್ತಿದ್ರೆ ನಿನ್ನ ಪರದೆ ಸವೆದು ಹೋಗುತ್ತಾ?"

"ಜನ ಕಾಯ್ತಾರೆ. ನೀನು ಒಬ್ಬಳೇ ಹೋಗ್ತೀಯ."

"ಒಬ್ಬಳೇ ಹೋಗ್ಲಿ ಅಂತಾನೇ ಒತ್ತೋದು. ಒಂದು ಸಲ ಒತ್ತಿ ನೋಡು, ನಿನ್ನ ಯಂತ್ರ ನನ್ನ ಜೊತೆ ಯಾರನ್ನ ಹಾಕುತ್ತೆ ಅಂತ. ಆ ನರ್ಸಮ್ಮನ್ನ. ದಿನಾ."

ನರ್ಸಮ್ಮ ಎದುರು ಮನೆಯವಳು. ಆಸ್ಪತ್ರೆಯಿಂದ ನಿವೃತ್ತಳಾಗಿದ್ದರೂ ವಾರ್ಡಿನಲ್ಲಿದ್ದಂತೆಯೇ ಮಾತಾಡುತ್ತಾಳೆ. ಚಿಕ್ಕಮ್ಮನ ಚಪ್ಪಲಿ ಸ್ಟ್ಯಾಂಡ್ ತನ್ನ ಬಾಗಿಲ ಕಡೆ ಅಂಗೈಯಗಲ ಸರಿದಿದೆ ಎಂದು ಅದನ್ನು ಕಾಲಿನಿಂದ ತಳ್ಳಿದ್ದಳು. ಕೈಯಿಂದ ತಳ್ಳಿದ್ದರೆ ಮಾತು ಬೇರೆ ಇತ್ತು ಅನ್ನುವುದು ಚಿಕ್ಕಮ್ಮನ ವಾದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಳೆಯ ಲಿಫ್ಟಿನಲ್ಲಿ ಅವಳು ಕಂಡರೆ ಇವಳು ಮುಂದಿನದಕ್ಕೆ ಕಾಯುತ್ತಿದ್ದಳು, ಇಲ್ಲವೇ ಯಾವುದೋ ಮಹಡಿ ಒತ್ತಿ ಇಳಿದುಬಿಡುತ್ತಿದ್ದಳು. ಹೊಸದಕ್ಕೆ ಇದೆಲ್ಲ ಎಲ್ಲಿ ಗೊತ್ತು? ಒಂದೇ ಮಹಡಿ ಅಂದರೆ ಒಂದೇ ಲಿಫ್ಟ್.

"ಮೊದಲನೇ ದಿನ ನನ್ನ ಪಕ್ಕದಲ್ಲೇ ನಿಂತು ಮೇಲಿನವರೆಗೂ ಉಸಿರು ಬಿಟ್ಲು ಕಣೇ. ಹುಂ, ಹುಂ ಅಂತ. ನನಗೆ ಕೇಳಿಸ್ಲಿ ಅಂತಾನೇ."

"ಉಸಿರು ಬಿಡದೆ ಇನ್ನೇನು ಮಾಡ್ತಾರೆ," ಎಂದರು ಚಿಕ್ಕಪ್ಪ.

"ನೀವು ಊಟ ಮಾಡಿ."

ಅವರು ಊಟ ಮಾಡಿದರು.

"ಚಿಕ್ಕಮ್ಮ, ಶುಕ್ರವಾರ ಒಂದಿನ ಒಂದೇ ಸಲ ಒತ್ತು. ನನ್ನ ಕೆಲಸ ಹೋಗುತ್ತೆ."

"ನಾನೊಬ್ಬಳು ಒತ್ತಿದ್ರೆ ಹೋಗೋ ಕೆಲಸ ಅದೆಂಥ ಕೆಲಸ? ಇಡೀ ಕಟ್ಟಡ ಒತ್ತುತ್ತೆ. ನಾನೇ ಹೇಳಿಕೊಟ್ಟಿದ್ದು," ಎಂದಳು ಚಿಕ್ಕಮ್ಮ, ಸ್ವಲ್ಪ ಜಂಬದಿಂದಲೇ.

ನಿಜವಾಗಿತ್ತು. ಗುರುವಾರ ನೋಡಿದರೆ ವಕೀಲ ಆರು ಒತ್ತುತ್ತಿದ್ದ, ಟ್ಯೂಷನ್ ಟೀಚರ್ ಐದು. ಹೊಸದಾಗಿ ಮದುವೆಯಾದ ಜೋಡಿಯೊಂದು ಲಿಫ್ಟ್ ತುಂಬುವಷ್ಟು ಒತ್ತುತ್ತಿತ್ತು, ಅವರ ಕಾರಣ ಬೇರೆ. ಒಂದೇ ಸಲ ಒತ್ತಿ ಎಂದು ಅಂಟಿಸಿದ ಕಾಗದದ ಮೇಲೆ ಯಾರೋ ಚೂಯಿಂಗ್ ಗಮ್ ಮೆತ್ತಿದರು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಬೇಗ ಮನೆ ಸೇರಬೇಕು, ಅದೂ ಪಕ್ಕದವರ ಮುಖ ನೋಡದೆ.

ಶುಕ್ರವಾರ ಮಧ್ಯಾಹ್ನ ಅವಳು ಯಾರನ್ನೂ ಕೇಳದೆ ಯಂತ್ರದಲ್ಲಿ ಒಂದೇ ಒಂದು ವಿಷಯ ಬದಲಾಯಿಸಿದಳು. ಒತ್ತಿದಷ್ಟು ಜನ ಹತ್ತುವವರೆಗೆ ಬಾಗಿಲು ಮುಚ್ಚಬಾರದು. ಲಿಫ್ಟಿನ ನೆಲಕ್ಕೆ ಭಾರ ಗೊತ್ತಾಗುತ್ತದೆ, ಸುಳ್ಳು ನಡೆಯುವುದಿಲ್ಲ. ಬಾಗಿಲು ತೆರೆದ ಲಿಫ್ಟ್‌ಗಳು ಸಾಲಾಗಿ ನಿಂತುಬಿಟ್ಟರೆ ಅಧ್ಯಕ್ಷರು ಒಂದು ನಿಮಿಷವೂ ಕಾಯದೆ ಬಟನ್ ವಾಪಸ್ ಹಾಕಿಸುತ್ತಾರೆ.

ಸಂಜೆ ಅಧ್ಯಕ್ಷರು ಕೈಕಟ್ಟಿ ಕಂಬಕ್ಕೊರಗಿ ನಿಂತರು. ಚಿಕ್ಕಮ್ಮ ಬಂದಳು, ಎಂಟು ಒತ್ತಿದಳು, ಲಿಫ್ಟಿನೊಳಗೆ ಹೋಗಿ ಚೀಲ ಇಳಿಸಿದಳು. ಬಾಗಿಲು ಮುಚ್ಚಲಿಲ್ಲ. 'ಇನ್ನೂ ಏಳು ಜನ ಬರಬೇಕು' ಎಂದಿತು ಒಳಗಿನ ಹೆಣ್ಣು ದನಿ, ಬಹಳ ಮರ್ಯಾದೆಯಿಂದ.

"ಯಾರೂ ಬರಲ್ಲ, ಮುಚ್ಚು," ಎಂದಳು ಚಿಕ್ಕಮ್ಮ.

ಬಂದದ್ದು ನರ್ಸಮ್ಮ. ತೆರೆದ ಬಾಗಿಲ ಮೇಲೆ ತನ್ನ ಮಹಡಿಯ ಸಂಖ್ಯೆ ಕಂಡು ಪರದೆ ಮುಟ್ಟುವ ಗೋಜಿಗೇ ಹೋಗದೆ ನುಗ್ಗಿದಳು, ಆಮೇಲೆ ಒಳಗೆ ಯಾರಿದ್ದಾರೆಂದು ನೋಡಿದಳು. ಇಬ್ಬರಲ್ಲೊಬ್ಬರು ಹೊರಗೆ ಬಂದು ಒಂದು ಸಲ ಒತ್ತಿದ್ದರೆ ಬೇರೆ ಲಿಫ್ಟ್ ಸಿಗುತ್ತಿತ್ತು. ಆದರೆ ಮೊದಲು ಇಳಿದವರು ಸೋತಂತೆ. ಇಬ್ಬರೂ ಆ ಮೂಲೆ ಈ ಮೂಲೆ ಹಿಡಿದು ನಿಂತರು.

'ಇನ್ನೂ ಆರು ಜನ ಬರಬೇಕು.'

ಲಾಬಿಯಲ್ಲಿ ಎಲ್ಲ ಬಾಗಿಲುಗಳೂ ಬಾಯಿ ತೆರೆದು ನಿಂತಿದ್ದವು. ಹೊಸ ಜೋಡಿ ನಾಚಿ ಹೊರಗೆ ಬಂತು. ವಕೀಲ ನೆಲವನ್ನು ಎರಡು ಸಲ ಒದ್ದು ನೋಡಿದ. ಅಧ್ಯಕ್ಷರು ಬಟನಮ್ಮನ ಕಡೆ ತಿರುಗಿದರು. ಅವಳು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದಳು. ಹೋಯಿತು ಕೆಲಸ ಅಂದುಕೊಂಡಳು.

ಅಷ್ಟರಲ್ಲಿ ನರ್ಸಮ್ಮನ ವಾರ್ಡ್ ದನಿ ಕೇಳಿಸಿತು. "ರೀ ಟೀಚರ್, ಇಪ್ಪತ್ತೊಂದಲ್ವಾ ನೀವು? ಒಂದು ಮಹಡಿ ಮೆಟ್ಟಿಲಿಳಿದ್ರೆ ಕಾಲೇನೂ ಸವೆಯಲ್ಲ, ಬನ್ನಿ ಒಳಗೆ."

"ನನ್ನ ಲಿಫ್ಟಿಗೆ ಜನ ಕರೆಯೋಕೆ ಇವಳ್ಯಾರು?" ಎಂದು ಗೋಡೆಗೆ ಹೇಳಿದಳು ಚಿಕ್ಕಮ್ಮ. ಹೇಳಿ ತಾನೇ ಬಾಗಿಲಿಗೆ ಬಂದು ಅದಕ್ಕಿಂತ ಜೋರಾಗಿ ಕೂಗಿದಳು. "ಇಪ್ಪತ್ತೆರಡು, ಇಪ್ಪತ್ತೆರಡು! ಯಾರಪ್ಪ ಇಪ್ಪತ್ತೆರಡು? ಏನ್ರೀ ಸುಮ್ನೆ ನಿಂತಿದೀರಿ, ಬೇಗ ಬನ್ನಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಇಟ್ಟಿರಲಿಲ್ಲ. ಆದರೂ ಜನ ಓಡಿ ಬಂದರು. ಅವಳನ್ನು ನೋಡಿ ವಕೀಲನೂ ತನ್ನ ಮಹಡಿಯ ಸಂಖ್ಯೆ ಹಿಡಿದು ಕೂಗತೊಡಗಿದ. ಲಾಬಿ ಬಸ್ ನಿಲ್ದಾಣದಂತಾಯಿತು. ಒಂದೊಂದೇ ಲಿಫ್ಟ್ ತುಂಬಿ ಬಾಗಿಲು ಮುಚ್ಚಿ ಏರಿತು. ಕ್ಯಾಮೆರಾದಲ್ಲಿ ಚಿಕ್ಕಮ್ಮ ಮತ್ತು ನರ್ಸಮ್ಮ ಆರು ಜನರ ತಲೆಗಳ ಮೇಲಿಂದ, ಜನ ಸೇರಿಸಿದ್ದು ಯಾರು ಅಂತ ಜಗಳ ಆಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕೂಗುವುದೂ ನಿಂತಿತು. ಕೂಗುವುದಕ್ಕಿಂತ ಒಂದೇ ಸಲ ಒತ್ತುವುದು ಸುಲಭ ಎಂದು ಜನಕ್ಕೆ ಹೊಳೆದಿತ್ತು.

"ಸಾಲು ಎಲ್ಲಿ ಹೋಯ್ತು?" ಎಂದರು ಅಧ್ಯಕ್ಷರು.

"ಮೇಲೆ ಹೋಯ್ತು, ಸರ್."

ಅವರು ಅವಳ ಹಲ್ಲುಗಳನ್ನು ಒಂದು ಗಳಿಗೆ ನೋಡಿದರು. "ಇರ್ಲಿ ಬಿಡಮ್ಮ. ಬಟನ್ ಬೇಡ."

ಮನೆಯಲ್ಲಿ ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಬಾಗಿಲು ಕೆಟ್ಟಿತ್ತಾ, ನೀನು ಕೆಡಿಸಿದ್ದಾ?"

"ನಾನೇ ಮಾಡಿದ್ದು."

"ನಾನು ಬಡಿಸಿದ್ದು ತಿಂದ್ಕೊಂಡು, ನನ್ನನ್ನ ಅವಳ ಜೊತೆ ಕೂಡಿ ಹಾಕಿದೆ."

"ಬಾಗಿಲು ತೆರೆದೇ ಇತ್ತಲ್ಲ ಚಿಕ್ಕಮ್ಮ. ಇಳೀಬಹುದಿತ್ತು."

ಸರಿಯಾದ ಮಾತು ಕೇಳಿದರೆ ಚಿಕ್ಕಮ್ಮನ ಸಿಟ್ಟು ಇನ್ನೂ ಏರುತ್ತದೆ. "ಕೆಲಸ ಕಾಯಂ ಆಯ್ತಾ?"

"ಆಗುತ್ತೆ."

"ಹಂಗಾದ್ರೆ ಬೇರೆ ಮನೆ ನೋಡ್ಕೋ."

ಬಟನಮ್ಮ ನೋಡಿಕೊಂಡಳು. ಅದೇ ಕಟ್ಟಡದಲ್ಲಿ, ಹದಿನಾಲ್ಕನೇ ಮಹಡಿಯಲ್ಲಿ, ಇನ್ನಿಬ್ಬರ ಜೊತೆ ಒಂದು ಕೋಣೆ. ಮಹಡಿ ಬೇರೆಯಾದ್ದರಿಂದ ಯಂತ್ರ ಅವಳನ್ನೂ ಚಿಕ್ಕಮ್ಮನನ್ನೂ ಒಂದೇ ಲಿಫ್ಟಿಗೆ ಹಾಕುವುದು ಅಪರೂಪ. ಹಾಕಿದ ದಿನ ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ, ಹುಂ ಹುಂ ಎಂದು ಉಸಿರು ಬಿಡುತ್ತಾಳೆ. ಒತ್ತುವುದು ಮಾತ್ರ ಒಂದೇ ಸಲ.